ನನ್ನನ್ನು ಯಾರೂ ಎತ್ತಬೇಡಿ

ಜರ್ಮನಿಗೆ ಬಂದ ಮೊದಲ ವಾರ ಒಂದು ರೈಲು ನನ್ನ ಮೂಗಿನ ಮುಂದೆಯೇ ಬಾಗಿಲು ತೆರೆದು ನಿಂತಿತು. ನಾನಿದ್ದ ಪ್ಲಾಟ್‌ಫಾರ್ಮಿಗೂ ಡಬ್ಬಿಯ ನೆಲಕ್ಕೂ ನಡುವೆ ಮೆಟ್ಟಿಲುಗಳಿದ್ದವು. ಜನ ನನ್ನ ಗಾಲಿಕುರ್ಚಿಯ ಎಡಕ್ಕೆ ಕೆಲವರು, ಬಲಕ್ಕೆ ಕೆಲವರು ಸರಿದು ಹತ್ತಿಕೊಂಡರು. ಒಬ್ಬರ ಕೋಟಿನ ತುದಿಯೂ ನನಗೆ ತಾಗಲಿಲ್ಲ. ಒಬ್ಬ ಹೆಂಗಸು ತುಟಿಯಲ್ಲೇ ನಕ್ಕಳು, ಒಬ್ಬ ಗಂಡಸು ತಲೆ ಬಾಗಿಸಿ ದಾಟಿ ಹೋದ. ಬಾಗಿಲು ಮುಚ್ಚಿತು, ರೈಲು ಹೊರಟುಹೋಯಿತು. ಇಡೀ ಪ್ಲಾಟ್‌ಫಾರ್ಮಿನಲ್ಲಿ ನಾನೊಬ್ಬಳೇ ಬಾಯಿ ಬಿಟ್ಟುಕೊಂಡು ಕೂತಿದ್ದೆ. ನಾನು ಹುಟ್ಟಿ ಬೆಳೆದ ಕಡೆ ಇದು ಆಗುವ ಮಾತೇ ಅಲ್ಲ. ಯಶವಂತಪುರ ಸ್ಟೇಷನ್ ಆಗಿದ್ದರೆ ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಡಬ್ಬಿಯ ಒಳಗಿರುತ್ತಿದ್ದೆ, ದುಪಟ್ಟಾ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ.

ಇದನ್ನು ಓದಿ ನೀವು ಅಯ್ಯೋ ಪಾಪ ಅನ್ನುವ ಮೊದಲೇ ಹೇಳಿಬಿಡುತ್ತೇನೆ. ಆವತ್ತು ನನಗೆ ಒಳಗೊಳಗೇ ಖುಷಿಯಾಯಿತು. ರೈಲು ತಪ್ಪಿತು, ಹೌದು. ಆದರೆ ಯಾರೂ ನನ್ನನ್ನು ಮುಟ್ಟಲಿಲ್ಲವಲ್ಲ!

ನಮ್ಮ ಮನೆ ರಾಜಗೋಪಾಲನಗರದಲ್ಲಿ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮಿಲ್ಲಿಂಗ್ ಮಷೀನಿನ ಮೇಲೆ ಕೆಲಸ ಮಾಡಿ ರಿಟೈರಾದವರು. ಯೂನಿಯನ್ನಿನಲ್ಲಿ ಓಡಾಡಿ, ತುಮಕೂರು ರಸ್ತೆಗೆ ಅಡ್ಡ ಕೂತು, ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದವರು. ನಾನು ಇನ್ನೂ ಸರಿಯಾಗಿ ನಡೆಯುವುದನ್ನು ಕಲಿಯುವ ಮೊದಲೇ ಪೋಲಿಯೊ ಬಂದು ಎರಡು ಕಾಲೂ ಹೋದವು. ಅಲ್ಲಿಂದ ಮುಂದೆ ನನ್ನನ್ನು ಊರೇ ಎತ್ತಿಕೊಂಡು ತಿರುಗಿತು. ಸ್ಕೂಲಿನ ಮೆಟ್ಟಿಲು, ಆಸ್ಪತ್ರೆಯ ಮೆಟ್ಟಿಲು, ಮದುವೆ ಛತ್ರದ ಮೆಟ್ಟಿಲು, ಬಸ್ಸು, ರೈಲು, ಎಲ್ಲ ಕಡೆಯೂ ಎತ್ತುವುದೇ. ಅಪ್ಪನಿಗೆ ಅದರಲ್ಲಿ ಕೈ ಪಳಗಿತ್ತು. ಎಲ್ಲಿ ನಿಂತರೂ ಅರೆ ನಿಮಿಷದಲ್ಲಿ ನಾಲ್ಕು ಜನರನ್ನು ಸೇರಿಸುತ್ತಿದ್ದರು. ಕೈ ಮೇಲೆತ್ತಿ "ಏನ್ ಗುರು, ಒಂದ್ ಕೈ ಹಾಕ್ತೀರಾ" ಅಂದರೆ ಸಾಕು, ಹಣ್ಣು ಮಾರುವವರು, ಶಿಫ್ಟ್ ಮುಗಿಸಿ ಹೋಗುತ್ತಿದ್ದವರು, ಸುಮ್ಮನೆ ನಿಂತಿದ್ದವರು, ಎಲ್ಲ ಬಂದು ಕುರ್ಚಿಗೆ ಕೈ ಹಾಕುತ್ತಿದ್ದರು. ಅವರಲ್ಲೇ ಒಬ್ಬ ಮೇಸ್ತ್ರಿ ಹುಟ್ಟಿಕೊಂಡು ಹುಷಾರ್ ಹುಷಾರ್ ಎಂದು ಕೂಗುತ್ತಿದ್ದ. ಗ್ಯಾಸ್ ಸಿಲಿಂಡರ್ ಏರಿಸಿದ ಹಾಗೆ ನನ್ನನ್ನು ಏರಿಸಿ, ಕೈ ಕೊಡವಿಕೊಂಡು, ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಅಪ್ಪ ಅವರ ಹಿಂದೆಯೇ ಹೋಗಿ ಒಬ್ಬೊಬ್ಬರಿಗೂ ಕೈ ಮುಗಿದು ಬರುತ್ತಿದ್ದರು.

ನಮ್ಮ ಜನ ಎಷ್ಟು ಒಳ್ಳೆಯವರು, ನೋಡಿ, ಎಂದು ಇಲ್ಲಿಗೆ ಬಂದ ಬೆಂಗಳೂರಿನವರು ನನ್ನ ಹತ್ತಿರ ಆಗಾಗ ಹೇಳುತ್ತಾರೆ. ಅವರಿಗೆ ಎರಡೂ ಕಾಲು ನೆಟ್ಟಗಿವೆ. ಆ ಎಂಟು ಕೈಗಳಲ್ಲಿ ಏಳು ಕುರ್ಚಿಯನ್ನು ಹಿಡಿದಿರುತ್ತಿದ್ದವು. ಎಂಟನೆಯದು ಎಲ್ಲಿ ಹಿಡಿಯಬಾರದೋ ಅಲ್ಲಿ ಹಿಡಿದಿರುತ್ತಿತ್ತು. ಪ್ರತಿ ಸಲವೂ ಹೀಗೆ ಅಂತ ಹೇಳುವುದಿಲ್ಲ. ಯಾವ ಸಲ ಎಂದು ಮೊದಲೇ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಪ್ರತಿ ಸಲವೂ ಮೈ ಬಿಗಿ ಹಿಡಿದೇ ಇರುತ್ತಿದ್ದೆ. ಕೂಗಿಕೊಂಡರೆ, ಸಹಾಯಕ್ಕೆ ಬಂದವರ ಮೇಲೇ ಗೂಬೆ ಕೂರಿಸುತ್ತಾಳೆ ಅನ್ನುತ್ತಾರೆ. ಕೆಳಗಿಳಿಸಿದ ಮೇಲೆ ಅಪ್ಪ ಆ ಎಂಟನೆಯ ಕೈಯವನಿಗೂ ಕೈ ಮುಗಿಯುತ್ತಿದ್ದರು, ನನಗೂ ಥ್ಯಾಂಕ್ಸ್ ಹೇಳಮ್ಮ ಅನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಅಪ್ಪನಿಗೆ ಈ ವಿಷಯ ಯಾವತ್ತೂ ತಿಳಿಸಿಲ್ಲ. ಇದು ಅಚ್ಚಾದರೆ ಓದುತ್ತಾರೆ, ಓದಲಿ.

ದೊಡ್ಡವಳಾದ ಮೇಲೂ ಇದು ತಪ್ಪಲಿಲ್ಲ. ಪೀಣ್ಯ ಎರಡನೇ ಹಂತದಲ್ಲಿ, ಲಾರಿಯ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನನಗೆ ಇನ್‌ಸ್ಪೆಕ್ಷನ್ ಕೆಲಸ ಸಿಕ್ಕಿತು. ಮಷೀನಿನಿಂದ ಬಂದ ತುಂಡಿನ ಅಳತೆ ಸರಿಯಿದೆಯೇ ಎಂದು ನೋಡಿ ಪಾಸು ಮಾಡುವುದು, ಇಲ್ಲವೇ ವಾಪಸು ಎಸೆಯುವುದು. ಅಲ್ಲಿ ನನ್ನ ಮಾತೇ ಮಾತು. ಒಂದು ದಿನ ದೂಳಾಗುತ್ತದೆ ಎಂದು ಇನ್‌ಸ್ಪೆಕ್ಷನ್ ರೂಮನ್ನು ಮೇಲಿನ ಮಹಡಿಗೆ ಸಾಗಿಸಿದರು. ಲಿಫ್ಟ್ ಇಲ್ಲ. ಹೆಲ್ಪರುಗಳಿದ್ದಾರಲ್ಲ, ಎತ್ತುತ್ತಾರೆ ಬಿಡಿ ಮೇಡಂ, ಅಂದರು. ಬೆಳಿಗ್ಗೆ ಎತ್ತಿದರು, ಸಂಜೆ ಇಳಿಸಿದರು. ಟಾಯ್ಲೆಟ್ ಕೆಳಗೇ ಉಳಿದಿತ್ತು. ದಿನಕ್ಕೆ ಎಷ್ಟು ಸಲ ಅಂತ ಕರೆಯುವುದು? ಕೊನೆಗೆ ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಸೂಪರ್‌ವೈಸರ್ ಒಂದು ದಿನ ಎಲ್ಲರೆದುರು, ಮೇಡಂ ಸ್ವಲ್ಪ ಡಯಟ್ ಮಾಡಿ, ನಮ್ಮ ಹುಡುಗರ ಸೊಂಟ ಹಿಡ್ಕೊಳ್ತಿದೆ, ಎಂದು ನಗಾಡಿದ. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ನಮ್ಮಿಂದ ಮಾಲು ಕೊಳ್ಳುತ್ತಿದ್ದ ಜರ್ಮನಿಯ ಕಂಪನಿ ಅಲ್ಲಿಯ ಕೆಲಸಕ್ಕೆ ಅಳತೆ ಗೊತ್ತಿರುವ ಒಬ್ಬರು ಬೇಕು ಎಂದಾಗ ಕೈ ಎತ್ತಿದವಳು ನಾನೊಬ್ಬಳೇ. ನಿಮ್ಮ ಕೈಲಾಗುತ್ತಾ ಎಂದು ಮಾಲೀಕರು ಅನುಮಾನದಿಂದ ಕೇಳಿದರು. ಇಲ್ಲಿ ಆಗುತ್ತಿರುವುದೇ ಹೆಚ್ಚು ಸಾರ್, ಅಂದೆ. ಜನ ಸಂಬಳಕ್ಕೆ ಹೋದೆ ಅಂದುಕೊಂಡರು. ನಾನು ಜರ್ಮನಿಗೆ ಬಂದದ್ದು ಬಾಯಾರಿದಾಗ ನೀರು ಕುಡಿಯುವುದಕ್ಕೆ. ಹೊರಡುವ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ, ಇನ್ನು ಜನ್ಮದಲ್ಲಿ ಯಾರಿಂದಲೂ ಎತ್ತಿಸಿಕೊಳ್ಳುವುದಿಲ್ಲ.

ನಾನಿರುವುದು ಒಂದು ಸಣ್ಣ ಊರು, ಸುತ್ತ ಬರೀ ಕಾರ್ಖಾನೆಗಳು. ಪೀಣ್ಯದಿಂದ ಹಾರ್ನು, ದೂಳು, ಟೀ ಅಂಗಡಿ ಮತ್ತು ಜನರನ್ನು ತೆಗೆದುಬಿಟ್ಟರೆ ಉಳಿಯುವುದೇ ಈ ಊರು. ಮನೆ ಸಿಗುವುದಕ್ಕೆ ಪಟ್ಟ ಪಾಡು ಹೇಳಿದರೆ ನೀವು ನಂಬುವುದಿಲ್ಲ. ಒಬ್ಬ ಮಾಲೀಕ ನನ್ನ ಚಕ್ರಗಳನ್ನು ನೋಡಿ ಮರದ ನೆಲ ಗೀರಿಹೋಗುತ್ತದೆ ಅಂದ. ನಮ್ಮಲ್ಲಾದರೆ ಯಾವ ಜನ, ನಾನ್‌ವೆಜ್ ತಿನ್ನುತ್ತೀರಾ, ಗಂಡ ಎಲ್ಲಿ ಎಂದೆಲ್ಲ ಕೇಳಿ ಇಲ್ಲ ಅನ್ನುತ್ತಾರೆ. ಇಲ್ಲಿ ಏನೂ ಕೇಳದೆ ಇಲ್ಲ ಅನ್ನುತ್ತಾರೆ. ನಾನು ಕಲಿತ ಮೊದಲ ಜರ್ಮನ್ ಪದ 'ಲೈಡರ್'. ದುರದೃಷ್ಟಕ್ಕೆ, ಅಂತ ಅದರ ಅರ್ಥ. ಮನೆ ಲೈಡರ್ ಕೊಡಲಾಗುವುದಿಲ್ಲ, ಲಿಫ್ಟ್ ಲೈಡರ್ ಕೆಟ್ಟಿದೆ, ನಿಮ್ಮ ಕುರ್ಚಿಗೆ ಜಾಗ ಲೈಡರ್ ಇಲ್ಲ. ಯಾರದೂ ತಪ್ಪಲ್ಲ, ಎಲ್ಲ ದುರದೃಷ್ಟದ್ದೇ.

ಕೊನೆಗೆ ಸಿಕ್ಕ ಕೆಳಮನೆಯಲ್ಲಿ 'ಕೇರ್‌ವೋಹೆ' ಎಂಬ ಪದ್ಧತಿ. ಕಟ್ಟಡದಲ್ಲಿರುವವರು ಒಬ್ಬೊಬ್ಬರು ಒಂದೊಂದು ವಾರ ಮೆಟ್ಟಿಲು ಗುಡಿಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಹಲಗೆ ನೇತುಹಾಕುತ್ತಾರೆ. ಮೇಲಿನ ಮನೆಯ ಮುದುಕಿ ಅದನ್ನು ತಂದು ನನ್ನ ಬಾಗಿಲಿಗೂ ನೇತುಹಾಕಿದಳು. ನನಗೆ ಮೆಟ್ಟಿಲು ಹತ್ತಲಾಗುವುದಿಲ್ಲವಲ್ಲ ಎಂದೆ. ಅವಳು ಯೋಚನೆ ಮಾಡಿ, ಕೆಳಗಿನ ಮೂರು ಮೆಟ್ಟಿಲು ಕೈಗೆ ಎಟುಕುತ್ತವೆ, ಅಷ್ಟು ಮಾಡು, ಅಂದಳು. ಎಂಥ ಹೆಂಗಸು! ರಾಜಗೋಪಾಲನಗರದಲ್ಲಿ ನನ್ನ ಕೈಗೆ ಪೊರಕೆ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಸಿಟ್ಟಿನಿಂದಲೇ ಆ ಮೂರು ಮೆಟ್ಟಿಲು ಗುಡಿಸಿದೆ. ಗುಡಿಸುತ್ತಾ ಗುಡಿಸುತ್ತಾ ಸಿಟ್ಟು ಇಳಿಯಿತು. ಅವಳು ನನ್ನನ್ನು ಪಾಪದವಳು ಅಂದುಕೊಂಡಿರಲಿಲ್ಲ, ಅಷ್ಟು ಸಾಕಾಗಿತ್ತು.

ಇಲ್ಲಿಯ ರೈಲು ಹತ್ತುವ ವಿದ್ಯೆ ಬೇರೆಯೇ. ಹಿಂದಿನ ದಿನವೇ ಫೋನ್ ಮಾಡಿ ಇಂಥ ರೈಲಿಗೆ ಬರುತ್ತೇನೆ ಅಂತ ಹೇಳಬೇಕು. ಮಾರನೆಯ ದಿನ ಟೋಪಿ ಹಾಕಿದ ಒಬ್ಬ ನೌಕರ 'ಹುಬ್‌ಲಿಫ್ಟ್' ಎಂಬ ಕಬ್ಬಿಣದ ಪಂಜರವನ್ನು ತಳ್ಳಿಕೊಂಡು ಬರುತ್ತಾನೆ. ಕುರ್ಚಿ ಸಮೇತ ಅದರೊಳಗೆ ಹೋಗಿ ಕೂತರೆ, ಹಿಡಿಕೆ ತಿರುಗಿಸಿ ಡಬ್ಬಿಯ ಬಾಗಿಲಿನ ಮಟ್ಟಕ್ಕೆ ಏರಿಸುತ್ತಾನೆ. ಅಷ್ಟೇ. ಮಾತಿಲ್ಲ, ಕಥೆಯಿಲ್ಲ, ಮೈ ಮುಟ್ಟುವುದಿಲ್ಲ. ಮೊದಲ ಸಲ ಹಾಗೆ ಏರಿ, ಗಾಲಿಕುರ್ಚಿಗೆಂದೇ ಬಿಟ್ಟ ಜಾಗದಲ್ಲಿ ಬ್ರೇಕ್ ಹಾಕಿಕೊಂಡು, ಕಿಟಕಿಯಾಚೆ ನೋಡಿದಾಗ ಕಣ್ಣೀರು ಧಾರಾಕಾರ ಸುರಿಯಿತು. ಹುಟ್ಟಿದ ಮೇಲೆ ಮೊದಲ ಸಲ ಒಬ್ಬಳೇ ರೈಲು ಹತ್ತಿದ್ದೆ. ಬ್ಯಾಗಿನಿಂದ ಬಾಟಲಿ ತೆಗೆದು ಅದರಲ್ಲಿದ್ದ ನೀರೆಲ್ಲ ಕುಡಿದೆ.

ಇದೆಲ್ಲ ಪಂಜರದವನು ಬಂದರೆ. ಬಾರದ ದಿನಗಳೂ ಇವೆ. ಬೇರೆ ಪ್ಲಾಟ್‌ಫಾರ್ಮಿನಲ್ಲಿ ಇರುತ್ತಾನೆ, ರಜೆಯಲ್ಲಿರುತ್ತಾನೆ, ನೀವು ಫೋನ್ ಮಾಡಿದ್ದು ನಮಗೆ ಗೊತ್ತೇ ಇಲ್ಲ ಅನ್ನುತ್ತಾನೆ. ಆಗ ನೂರಾರು ಜನರ ನಡುವೆ ಕಂಬದ ಹಾಗೆ ನಿಲ್ಲಬೇಕು. ಯಾರನ್ನಾದರೂ ಕೇಳಿದರೆ, ಮುಟ್ಟಿದರೆ ಏನಾದರೂ ಆದೀತು, 'ಫೆರ್ಜಿಶರುಂಗ್' ಇಲ್ಲ, ಅನ್ನುತ್ತಾರೆ. ಫೆರ್ಜಿಶರುಂಗ್ ಅಂದರೆ ಇನ್ಶೂರೆನ್ಸ್. ಊರಿನಲ್ಲಿ ಕೈಗಳಿದ್ದವು, ದಾರಿ ಇರಲಿಲ್ಲ. ಇಲ್ಲಿ ದಾರಿ ಇದೆ, ಬೀಗ ಹಾಕಿದ್ದಾರೆ. ಯಾವುದು ವಾಸಿ ಎಂದು ಕೇಳಬೇಡಿ, ಬೆಳಿಗ್ಗೆ ಒಂದು ಉತ್ತರ ಹೇಳುತ್ತೇನೆ, ಸಂಜೆ ಇನ್ನೊಂದು.

ಕಂಪನಿಯ ಜೊತೆಗಿನ ಒಪ್ಪಂದ ಮುಗಿಯುವ ಹೊತ್ತಿಗೆ ಅಪ್ಪ ಇಲ್ಲಿಗೆ ಬಂದರು. ಅಮ್ಮನಿಗೆ ವಿಮಾನ ಅಂದರೆ ಭಯ, ತಮ್ಮನ ಸಂಸಾರದ ಜೊತೆ ಅಲ್ಲೇ ಉಳಿದಳು. ಅಪ್ಪ ರಾಗಿಹಿಟ್ಟು, ಹುರಿಗಡಲೆ ಚಟ್ನಿಪುಡಿ ಎಲ್ಲ ಹೊತ್ತು ತಂದರು. ನೋಡಿಕೊಂಡು ಹೋಗುವುದಕ್ಕೆ ಬಂದೆ ಅಂದರೂ, ಕರೆದುಕೊಂಡು ಹೋಗುವುದಕ್ಕೇ ಬಂದದ್ದು ಎಂದು ಮೊದಲ ದಿನವೇ ಗೊತ್ತಾಯಿತು. ಊರಿನ ಮನೆಯ ಕೆಳಭಾಗವನ್ನು ನನಗೆಂದೇ ಒಡೆದು ಕಟ್ಟಿಸಿದ್ದರು. ಬಚ್ಚಲಿನ ಬಾಗಿಲು ಅಗಲ ಮಾಡಿಸಿ, ಹೊಸ್ತಿಲು ಕೀಳಿಸಿ, ಬೀದಿಗೆ ಇಳಿಜಾರು ಹಾಕಿಸಿದ್ದರು. ಫೋನಿನಲ್ಲಿ ಫೋಟೋ ತೋರಿಸಿದರು. ಬೀದಿಯಿಂದ ಮುಂದೆ ಹೇಗೆ ಹೋಗುವುದು ಎಂದು ಕೇಳಿದೆ. ಅಲ್ಲಿಂದಾಚೆ ನಾನಿದೀನಲ್ಲ ಅಂದರು. ಅದಕ್ಕೇ ಬರಲ್ಲ ಅನ್ನುವ ಮಾತು ಗಂಟಲಿನವರೆಗೂ ಬಂತು, ನುಂಗಿಕೊಂಡೆ.

ಅದೇ ಹೊತ್ತಿಗೆ ಕಂಪನಿಯ ಇನ್ನೊಂದು ಊರಿನ ಕಾರ್ಖಾನೆಯಲ್ಲಿ ಖಾಯಂ ಕೆಲಸವೊಂದು ಖಾಲಿಯಾಗಿತ್ತು. ಅದು ಸಿಕ್ಕರೆ ಈ ದೇಶದಲ್ಲಿ ಇರಬಹುದು, ಸಿಗದಿದ್ದರೆ ವೀಸಾ ಮುಗಿಯಿತು, ಗಂಟು ಕಟ್ಟಬೇಕು. ಬಿಡಿಭಾಗ ಮಾಡಿಕೊಡುವ ಸಣ್ಣ ಸಣ್ಣ ಕಾರ್ಖಾನೆಗಳಿಗೆ ರೈಲಿನಲ್ಲಿ ಓಡಾಡಿ ತಪಾಸಣೆ ಮಾಡುವ ಕೆಲಸ ಅದು. ಅಲ್ಲಿಯ ಮುಖ್ಯಸ್ಥ ಫೋನಿನಲ್ಲಿ ಬಹಳ ನಾಜೂಕಾಗಿ, ಇಂಟರ್‌ವ್ಯೂಗೆ ಕಾರು ಕಳಿಸಬೇಕೇ, ಒಬ್ಬರೇ ರೈಲಿನಲ್ಲಿ ಬರುತ್ತೀರಾ ಎಂದು ಕೇಳಿದ. ನಾನೇ ಬರುತ್ತೇನೆ ಅಂದೆ. ಆ ಪ್ರಶ್ನೆಯೇ ಅರ್ಧ ಇಂಟರ್‌ವ್ಯೂ ಎಂದು ನನಗೆ ಗೊತ್ತಿತ್ತು. ಈ ದೇಶದಲ್ಲಿ ರೈಲು ತಡವಾಗುವುದು ಹೊಸದೇನಲ್ಲ, ಯಾರು ತಡವಾಗಿ ಬಂದರೂ ರೈಲಿನ ಮೇಲೆ ಹಾಕಿ ನಗುತ್ತಾರೆ. ನಾನು ತಡವಾದರೆ ಮಾತ್ರ ಗಾಲಿಕುರ್ಚಿ ತಡವಾಯಿತು ಅನ್ನುತ್ತಾರೆ.

ಅಪ್ಪ ಅಲ್ಲಿಯ ಕಾರ್ಖಾನೆ ನೋಡುವ ನೆಪ ಹೇಳಿ ಜೊತೆಗೆ ಹೊರಟರು. ಒಳಗೆ ಬರಬೇಡಿ, ಗೇಟಿನಲ್ಲೇ ಇರಿ ಎಂದು ಒಪ್ಪಿಸಿಕೊಂಡೆ. ಚಪಾತಿ ಡಬ್ಬಿ ಹಿಡಿದುಕೊಂಡರು. ನಾನಿರುವ ಊರಿನ ಸ್ಟೇಷನ್ನಿನಲ್ಲಿ ಪಂಜರದವನು ಸರಿಯಾದ ಹೊತ್ತಿಗೆ ಬಂದ. ಅಪ್ಪ ಅವನ ಪಂಜರವನ್ನು ಸುತ್ತು ಬಂದು, ತಟ್ಟಿ ನೋಡಿ, ವೆಲ್ಡಿಂಗ್ ಚೆನ್ನಾಗಿದೆ ಅಂದರು. ನಡುವೆ ಒಂದು ದೊಡ್ಡ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸಬೇಕಿತ್ತು. ಅಲ್ಲಿಯೂ ಇಳಿಸುವುದಕ್ಕೆ ಒಬ್ಬ ಬಂದ. ಹತ್ತಿಸುವುದಕ್ಕೆ ಇನ್ನೊಬ್ಬ ಬರುತ್ತಾನೆ, ಇಲ್ಲೇ ಇರಿ, ಅಂತ ಹೇಳಿ ಪಂಜರಕ್ಕೆ ಬೀಗ ಹಾಕಿ ಹೊರಟುಹೋದ. ನಾವು ಅಲ್ಲೇ ಇದ್ದೆವು. ನಾವು ಹತ್ತಬೇಕಾದ ರೈಲು ಬಂತು. ಇನ್ನೊಬ್ಬ ಬರಲಿಲ್ಲ.

ಫೋನ್ ಮಾಡಿದೆ. ಆಚೆಯ ಧ್ವನಿ ಬಹಳ ಮರ್ಯಾದೆಯಿಂದ, ಲೈಡರ್ ಆ ನೌಕರನಿಗೆ ಹುಷಾರಿಲ್ಲ, ಇದರ ಮುಂದಿನ ರೈಲಿಗೆ ಬೇರೆಯವರನ್ನು ಕಳಿಸುತ್ತೇವೆ, ಅಂದಿತು. ಮುಂದಿನ ರೈಲು ಹಿಡಿದರೆ ನಾನು ಮುಟ್ಟುವಷ್ಟರಲ್ಲಿ ಇಂಟರ್‌ವ್ಯೂ ಮುಗಿದಿರುತ್ತಿತ್ತು. ಪಂಜರ ನಮ್ಮಿಂದ ಕೂಗಳತೆಯಲ್ಲೇ ಕಂಬಕ್ಕೆ ಸರಪಳಿ ಬಿಗಿಸಿಕೊಂಡು ನಿಂತಿತ್ತು. ಡಬ್ಬಿಯ ಬಾಗಿಲಲ್ಲಿ ಗಾರ್ಡ್ ಹೆಂಗಸು ನಿಂತಿದ್ದಳು. ಅವಳಿಗೆ ಹೇಳಿದೆ, ಕೇಳಿದೆ, ಬೇಡಿದೆ. ಕೀಲಿ ತನ್ನ ಹತ್ತಿರ ಇರುವುದಿಲ್ಲ, ಅದು ಸ್ಟೇಷನ್ನಿನವರದು, ತಾನು ರೈಲಿನವಳು, ಅಂದಳು.

ನಾನು ತಿರುಗಿ ನೋಡುವಷ್ಟರಲ್ಲಿ ಅಪ್ಪ ಚಪಾತಿ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಕೈ ಮೇಲೆತ್ತಿದ್ದರು. "ಹಲೋ ಬ್ರದರ್, ಒನ್ ಹ್ಯಾಂಡ್. ಮೈ ಡಾಟರ್. ಒನ್ ಹ್ಯಾಂಡ್ ಪ್ಲೀಸ್." ನನಗೆ ಮೈಯೆಲ್ಲ ಉರಿದುಹೋಯಿತು. ಇದು ಯಶವಂತಪುರ ಅಲ್ಲ, ಯಾರೂ ಬರಲ್ಲ, ಮಾನ ಕಳೀಬೇಡಿ ಎಂದು ಕನ್ನಡದಲ್ಲಿ ಹಲ್ಲು ಕಚ್ಚಿ ಹೇಳಿದೆ. ಆದರೆ ಬಂದರು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ್ದ ರಸ್ತೆ ಕೆಲಸದವನೊಬ್ಬ ಬಂದ, ಕಾಲೇಜಿನವರಂತೆ ಕಾಣುತ್ತಿದ್ದ ಇಬ್ಬರು ಬಂದರು, ಬೋಳುತಲೆಯ ಒಬ್ಬ ತನ್ನ ಸೈಕಲ್ಲನ್ನು ಕಂಬಕ್ಕೆ ಒರಗಿಸಿ ಬಂದ. ನಾನು ಅಷ್ಟು ದಿನ ವ್ಯಾಕರಣ ಉರು ಹೊಡೆದು ಕಲಿತ ಜರ್ಮನ್‌ನಿಂದ ಆಗದ್ದು ಅಪ್ಪನ ಒಂದು ಕೈಯಿಂದ ಆಯಿತು. ಅವರು ಕುರ್ಚಿಯ ಸುತ್ತ ನಿಂತು, ಊರಿನವರು ಯಾವತ್ತೂ ಮಾಡದ ಒಂದು ಕೆಲಸ ಮಾಡಿದರು. ಎಲ್ಲಿ ಹಿಡಿಯಬೇಕು ಅಂತ ನನ್ನನ್ನೇ ಕೇಳಿದರು.

ಅಪ್ಪ ನನ್ನ ಮುಖ ನೋಡಿದರು. ಪ್ಲಾಟ್‌ಫಾರ್ಮಿನ ಗಡಿಯಾರ ನೋಡಿದೆ. ಯಾರಿಂದಲೂ ಎತ್ತಿಸಿಕೊಳ್ಳಬಾರದು ಎಂದು ಬಂದವಳು, ಎತ್ತಿಸಿಕೊಳ್ಳದಿದ್ದರೆ ಎತ್ತಿಸಿಕೊಳ್ಳುವ ಊರಿಗೇ ವಾಪಸು ಹೋಗಬೇಕು. ಸೀಟಿನ ಕೆಳಗಿನ ಸರಳನ್ನು ತೋರಿಸಿ "ಎತ್ತಿ" ಅಂದೆ.

ಕುರ್ಚಿ ಒಂದು ಗೇಣು ಮೇಲೆದ್ದಿತ್ತು. ಗಾರ್ಡ್ ಹೆಂಗಸು ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು, ಮುಟ್ಟಬೇಡಿ ಎಂದು ಕಿರುಚಿದಳು. ಫೆರ್ಜಿಶರುಂಗ್ ಇಲ್ಲ, ಬಿದ್ದರೆ ನೀವು ನಾಲ್ಕೂ ಜನ ಕೋರ್ಟಿಗೆ, ಅಂದಳು. ಕೈಗಳು ಒಟ್ಟಿಗೇ ಬಿಟ್ಟುಬಿಟ್ಟವು. ನಾನು ಕುರ್ಚಿ ಸಮೇತ ದಡಕ್ಕನೆ ಕೆಳಗೆ ಬಿದ್ದೆ, ಬೆನ್ನುಹುರಿಗೆ ಚಳುಕು ಹೊಡೆಯಿತು. ಅವಳು ಸೀಟಿಯನ್ನು ತುಟಿಗಿಟ್ಟುಕೊಂಡಳು.

ಅಷ್ಟು ದಿನ ನುಂಗಿದ್ದೆಲ್ಲ ಆಗ ಮೇಲೆ ಬಂತು. ಕುರ್ಚಿಯನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ, ಎರಡೂ ಬ್ರೇಕ್ ಹಾಕಿ, ಬಾಗಿಲ ಪಕ್ಕದ ಹಿಡಿಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಕೈ ಅಲ್ಲಿರುವ ತನಕ ಬಾಗಿಲು ಮುಚ್ಚುವ ಹಾಗಿಲ್ಲ, ಬಾಗಿಲು ಮುಚ್ಚದೆ ರೈಲು ಹೊರಡುವ ಹಾಗಿಲ್ಲ. ಹೌದು, ರೈಲು ತಡೆ. ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತಿರುವ ವಿದ್ಯೆ. ಅಡ್ಡ ಕೂತರೆ ಯಾರೋ ದೊಡ್ಡವರು ಬರುತ್ತಾರೆ, ಅಹವಾಲು ಕೇಳುತ್ತಾರೆ, ಆಶ್ವಾಸನೆ ಕೊಡುತ್ತಾರೆ. ನಾನೂ ಅದೇ ವರಸೆಯಲ್ಲಿ, ದೊಡ್ಡವರನ್ನು ಕರೆಯಿರಿ, ಅವರು ಬರುವ ತನಕ ಕೈ ಬಿಡುವುದಿಲ್ಲ, ಎಂದು ಜರ್ಮನ್‌ನಲ್ಲಿ ಗುಡುಗಿದೆ. ಗಾರ್ಡ್ ಹೆಂಗಸು ಕಣ್ಣು ಕಣ್ಣು ಬಿಟ್ಟಳು. ಯಾವ ದೊಡ್ಡವರು, ಈ ರೈಲಿಗೆ ನಾನೇ, ಅಂದಳು. ಪಾಪ, ನಿಜವಾಗಿಯೂ ಅರ್ಥವಾಗಿರಲಿಲ್ಲ. ಇಲ್ಲಿ ಅಡ್ಡ ಕೂತರೆ ದೊಡ್ಡವರು ಬರುವುದಿಲ್ಲ, ಪೊಲೀಸರು ಬರುತ್ತಾರೆ. ಅವಳು ಫೋನ್ ತೆಗೆದಳು.

ಸ್ಪೀಕರಿನಲ್ಲಿ ಪ್ರಕಟಣೆ ಶುರುವಾಯಿತು. ಪ್ರಯಾಣಿಕರೊಬ್ಬರ ಕಾರಣದಿಂದ ರೈಲು ತಡವಾಗುತ್ತಿದೆ. ದಿನವೂ ಕಾರಣವಿಲ್ಲದೆ ತಡವಾಗುವ ರೈಲಿಗೆ ಆವತ್ತು ಒಂದು ಕಾರಣ ಸಿಕ್ಕಿತ್ತು. ಕಿಟಕಿ ಕಿಟಕಿಯಲ್ಲೂ ತಲೆಗಳು ಕಂಡವು. ನೀಟಾಗಿ ಬಟ್ಟೆ ತೊಟ್ಟ ಒಬ್ಬಳು ಇಳಿದು ಬಂದು, ನಿನ್ನಿಂದ ನನ್ನ ಮುಂದಿನ ರೈಲು ತಪ್ಪುತ್ತದೆ, ಸ್ವಲ್ಪವಾದರೂ ನಾಚಿಕೆ ಇದೆಯೇ ಎಂದು ಕೇಳಿದಳು. ಅವಳ ಹಿಂದಿನ ಗಂಡಸು, ಇದನ್ನೆಲ್ಲ ನಿಮ್ಮ ದೇಶದಲ್ಲಿ ಇಟ್ಟುಕೋ, ಅಂದ. ನಮ್ಮ ದೇಶದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ಎತ್ತಿ ಒಳಗೆ ಕೂರಿಸಿ, ಟೀ ಕುಡಿಸಿ, ಎರಡು ಸ್ಟೇಷನ್ ದಾಟಿರುತ್ತಿದ್ದರು, ಎಂದು ಕೂಗಿದೆ. ಯಾವ ಊರಿನ ಮೇಲೆ ಹಲ್ಲು ಮಸೆದುಕೊಂಡು ಬಂದಿದ್ದೆನೋ ಆ ಊರಿನ ಪರವಾಗಿ ಜಗಳಕ್ಕೆ ನಿಂತಿದ್ದೆ. ನನ್ನ ಧ್ವನಿ ನನಗೇ ಅಸಹ್ಯವಾಗಿ ಕೇಳಿಸಿತು. ಕೈ ಮಾತ್ರ ಬಿಡಲಿಲ್ಲ.

ರಸ್ತೆಗೆ ಅಡ್ಡ ಕೂತು ಬಂದ ಅಪ್ಪ ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದರೆ ಅದೂ ಇಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ಕಂಡ ಕಂಡವರಿಗೆಲ್ಲ ಸಾರಿ ಸಾರ್, ಸಾರಿ ಮೇಡಂ ಎಂದು ಕೈ ಮುಗಿಯುತ್ತಿದ್ದರು.

"ಬಿಡಮ್ಮ ಮಂಗಳಾ, ಬೇಡ. ನಾವು ಯೂನಿಯನ್ನೋರು, ಸಾವಿರ ಜನ ಇದ್ವಿ. ನೀನು ಒಬ್ಳೇ ಇದೀಯ."

"ಒಬ್ಳೇ ಇರೋದಕ್ಕೇ ಬಂದಿದೀನಿ ಅಪ್ಪ. ನೀವು ಯಾರಿಗೂ ಕೈ ಮುಗೀಬೇಡಿ, ನೋಡಕ್ಕಾಗ್ತಿಲ್ಲ."

ಅವರು ಕೈ ಕೆಳಗಿಳಿಸಿದರು. ಆಮೇಲೆ ಎಲ್ಲಿಟ್ಟುಕೊಳ್ಳಬೇಕು ಎಂದು ಗೊತ್ತಾಗದೆ ಹೋಗಿ ಚಪಾತಿ ಡಬ್ಬಿಯನ್ನು ಎತ್ತಿಕೊಂಡು ನಿಂತರು. ಎತ್ತಲು ಬಂದ ನಾಲ್ವರಲ್ಲಿ ಮೂವರು ಮೆಲ್ಲನೆ ಜಾರಿಕೊಂಡಿದ್ದರು. ಕಿತ್ತಳೆ ಜಾಕೆಟ್ಟಿನವನು ಮಾತ್ರ ಅಪ್ಪನ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ.

ಇಬ್ಬರು ಪೊಲೀಸರು ಬಂದರು. ಅವರ ಜೊತೆಗೇ ಸ್ಟೇಷನ್ನಿನ ಒಬ್ಬ ನೌಕರ ಏದುಸಿರು ಬಿಡುತ್ತಾ ಬಂದು, ಜೇಬಿನಿಂದ ಕೀಲಿ ತೆಗೆದು, ಪಂಜರದ ಬೀಗ ತೆರೆದ. ಹುಷಾರಿಲ್ಲದವನ ಬದಲಿಗೆ ಒಬ್ಬ ಹುಷಾರಿದ್ದವನು ಅಷ್ಟು ಹೊತ್ತೂ ಸ್ಟೇಷನ್ನಿನಲ್ಲೇ ಇದ್ದ! ಪೊಲೀಸಿನವನು ನನ್ನ ಗುರುತಿನ ಚೀಟಿ ನೋಡಿ, ಇನ್ನೊಮ್ಮೆ ಹೀಗೆ ಮಾಡಬಾರದು ಎಂದು ಮೇಷ್ಟರ ಹಾಗೆ ಹೇಳಿದ. ಇನ್ನೊಮ್ಮೆ ಅವರು ಹೀಗೆ ಮಾಡಿದರೆ ನಾನೂ ಮಾಡುತ್ತೇನೆ ಎಂದೆ. ಅವನು ನಗಲಿಲ್ಲ, ಬೈಯಲೂ ಇಲ್ಲ. ಪಂಜರ ಏರಿತು. ಹಿಡಿಕಂಬಿ ಬಿಟ್ಟ ಬೆರಳುಗಳು ಮಡಚಿಕೊಂಡೇ ಇದ್ದವು, ಬಿಡಿಸುವುದಕ್ಕೆ ಆಗಲಿಲ್ಲ.

ಡಬ್ಬಿಯಲ್ಲಿ ಯಾರೂ ನಮ್ಮ ಹತ್ತಿರ ಕೂರಲಿಲ್ಲ. ಅಪ್ಪ ಎದುರಿನ ಸೀಟಿನಲ್ಲಿ ಚಪಾತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ನನಗೂ ಮಂಕು ಕವಿಯಿತು. ಗೆದ್ದೆ ಅಂತ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಇಷ್ಟು ಜನರ ದ್ವೇಷ ಕಟ್ಟಿಕೊಂಡರೆ ತಾನೇ ಒಂದು ರೈಲು ಹತ್ತುವುದು, ಹೀಗೇ ಎಷ್ಟು ರೈಲು ಹತ್ತಲಿ ಎಂದು ಸುಸ್ತಾಯಿತು.

ಕಾರ್ಖಾನೆಯ ಬಾಗಿಲು ಮುಟ್ಟಿದಾಗ ಹೇಳಿದ ಹೊತ್ತಿಗೆ ಇನ್ನೂ ಸ್ವಲ್ಪ ಸಮಯವಿತ್ತು. ಮುಖ್ಯಸ್ಥ ಕೈ ಕುಲುಕಿ, ಪ್ರಯಾಣ ಹೇಗಿತ್ತು ಎಂದು ಕೇಳಿದ. ಏನೂ ತೊಂದರೆಯಾಗಲಿಲ್ಲ ಅಂದೆ. ಅಳತೆಯ ಬಗ್ಗೆ ಕೇಳಿದರು, ಮೇಜಿನ ಮೇಲೆ ಒಂದು ತುಂಡು ಇಟ್ಟು ಹುಳುಕು ಹುಡುಕು ಅಂದರು, ಹುಡುಕಿ ಕೊಟ್ಟೆ. ಅದು ನನ್ನ ಹೊಟ್ಟೆಪಾಡು, ಅದರಲ್ಲಿ ನನಗೆ ಯಾರ ಭಯವೂ ಇಲ್ಲ. ಹೊರಡುವ ಮೊದಲೇ ಕೆಲಸ ನಿಮ್ಮದೇ ಅಂದರು.

ಗೇಟಿನಾಚೆಯ ಬೆಂಚಿನ ಮೇಲೆ ಅಪ್ಪ ಕೂತಿದ್ದರು. ಮಂಕಿ ಕ್ಯಾಪ್ ಕಿವಿಯವರೆಗೂ ಇಳಿದಿತ್ತು. ಸಿಕ್ಕಿತಾ ಎಂದು ಕೇಳಿದರು, ಸಿಕ್ಕಿತು ಅಂದೆ. ತಲೆ ಆಡಿಸಿದರು. ಡಬ್ಬಿ ತೆರೆದು ಒಂದು ಚಪಾತಿ ಸುರುಳಿ ಮಾಡಿ ನನಗೆ ಕೊಟ್ಟರು, ತಾವೊಂದು ತೆಗೆದುಕೊಂಡರು. ಸ್ವಲ್ಪ ಹೊತ್ತು ಇಬ್ಬರೂ ತಿಂದೆವು. ನನಗೆ ಆಗ ಹೊಳೆಯಿತು. ಆವತ್ತು ಆ ರೈಲು ತಪ್ಪಿದ್ದರೆ ಅಪ್ಪನಿಗೆ ಬೇಕಾದ್ದೇ ಆಗುತ್ತಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಬಾಗಿಲು ತಾನೇ ಮುಚ್ಚಿಕೊಂಡು ನನ್ನನ್ನು ಅವರ ಜೊತೆ ಊರಿಗೆ ಕಳಿಸಿಬಿಡುತ್ತಿತ್ತು.

"ನಾನು ವಾಪಸ್ ಬರ್ಲಿ ಅಂತ ತಾನೇ ನಿಮಗಿದ್ದಿದ್ದು? ಮತ್ತೆ ಜನ ಯಾಕೆ ಕರೆದ್ರಿ ಅಪ್ಪ?"

ಅಪ್ಪ ಅಗಿಯುವುದನ್ನು ನಿಲ್ಲಿಸಿ, ಇದೆಂಥ ಪ್ರಶ್ನೆ ಅನ್ನುವ ಹಾಗೆ ನನ್ನನ್ನು ನೋಡಿದರು.

"ರೈಲು ಹೊರಡ್ತಿತ್ತಲ್ಲಮ್ಮ."

ಅಷ್ಟೇ ಅವರ ಉತ್ತರ. ಏನಾದರೂ ಸಮಾಧಾನ ಹೇಳಬೇಕಿತ್ತು, ಬಾಯಿಗೆ ಬಂದದ್ದನ್ನು ಹೇಳಿದೆ. ಪ್ರತಿ ವರ್ಷ ರಜಕ್ಕೆ ಬರುತ್ತೇನೆ, ನೀವು ಕಟ್ಟಿಸಿದ ಕೆಳಮನೆಯಲ್ಲೇ ಇರುತ್ತೇನೆ ಅಂದೆ. ಅಪ್ಪ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು.

"ರಜಕ್ಕೆ ಬರೋರು ನೆಂಟ್ರು ಕಣಮ್ಮ" ಅಂದರು.

ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ವಾಪಸು ಬರುವ ರೈಲಿಗೆ ಪಂಜರದವನು ನಮಗಿಂತ ಮೊದಲೇ ಬಂದು ಕಾಯುತ್ತಿದ್ದ, ಅಪ್ಪ ಕೈ ಮೇಲೆತ್ತಿ ಯಾರನ್ನೂ ಕರೆಯಬೇಕಾಗಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಅದೊಂದು ಸಲ ಮಾತ್ರ, ಅವನು ಬರದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.